ಸುಮಲತಾ ಓದಿದ ಶನಿವಾರ

ಪುಸ್ತಕಗಳಿಗೆ ಜೀವ ಇದೆ ಎಂದು ವಿದ್ಯಾ ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು. ಇದ್ದಿದ್ದರೆ ಆ ಕೋಣೆಯಲ್ಲಿ ಅವು ಉಸಿರುಕಟ್ಟಿ ಎಂದೋ ಸತ್ತುಹೋಗುತ್ತಿದ್ದವು. ಕಲಂಗುಟ್‌ನಲ್ಲಿ ಬೀಚಿಗೆ ಇಳಿಯುವ ಓಣಿಯ ಒಂದು ಸ್ಕೂಟರ್ ಗ್ಯಾರೇಜಿನ ಹಿಂದೆ ನಮ್ಮ ಲೈಬ್ರರಿ ಇತ್ತು. ಮೂರು ಗೋಡೆಗೂ ಗಾಜಿನ ಕಪಾಟು, ಕಪಾಟಿಗೆ ಬೀಗ, ಬೀಗದ ಕೈ ನನ್ನ ಕೊರಳಲ್ಲಿ. ಪುಸ್ತಕಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. "ಮಕ್ಕಳೇ, ಇವೆಲ್ಲ ನಿಮ್ಮವೇ ಕಣ್ರೋ" ಎಂದು ಮೇಡಂ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಹೇಳಿದ ಮೇಲೆ ಒಮ್ಮೆ ನನ್ನ ಕಡೆ ನೋಡುತ್ತಿದ್ದರು. ಬೀಗ ಹಾಕಿದ್ದೀಯಾ ಎಂದು ಆ ನೋಟದ ಅರ್ಥ.

ನಾನು ಮೀನಾ, ಆ ಲೈಬ್ರರಿಯ ಸಹಾಯಕಿ. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಬಂದು ಕುಂಡಯಿಯ ಫ್ಯಾಕ್ಟರಿಯಲ್ಲಿ ಬೆನ್ನು ಮುರಿದುಕೊಂಡವನು. ಹನ್ನೆರಡನೆಯ ತರಗತಿ ಪಾಸಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದು. ಕುರ್ಚಿ, ಫ್ಯಾನು ಎರಡೂ ಇದ್ದ ಕೆಲಸ. ಮೇಡಂ ಮೈಸೂರಿನವರು, ಅವರ ಗಂಡ ದೊಡ್ಡ ಹೋಟೆಲೊಂದರಲ್ಲಿ ಮ್ಯಾನೇಜರು. ಗೋವಾಕ್ಕೆ ದುಡಿಯಲು ಬಂದ ಕನ್ನಡಿಗರ ಮಕ್ಕಳು ಕನ್ನಡ ಮರೆಯಬಾರದು ಎಂಬುದು ಮೇಡಮ್ಮಿನ ಕನಸು. ಬರುವ ಮಕ್ಕಳಲ್ಲಿ ಅರ್ಧ ಜನ ಬೀಚಿನಲ್ಲಿ ಮಣಿಸರ ಮಾರುವ ಲಮಾಣಿಗಳು, ಅವರ ಮನೆಮಾತೇ ಬೇರೆ ಎಂದು ನಾನು ಒಮ್ಮೆ ಹೇಳಿ ನೋಡಿದೆ. ಕೇಳಿಸಿದಂತೆ ಕಾಣಲಿಲ್ಲ.

ನನಗೂ ಲಮಾಣಿಗಳೆಂದರೆ ಅಷ್ಟಕ್ಕಷ್ಟೇ ಇತ್ತು, ಸುಳ್ಳೇಕೆ ಹೇಳಲಿ. ನಮ್ಮಂಥ ಕೂಲಿ ಜನಕ್ಕೂ ಕೆಳಗೆ ನೋಡಲು ಯಾರಾದರೂ ಬೇಕಲ್ಲ.

ಮೊದಮೊದಲು ಮಕ್ಕಳು ಬಂದು ಗಾಜಿಗೆ ಮೂಗು ಒತ್ತಿ ನಿಂತು ಹೋಗುತ್ತಿದ್ದರು. ಮುಖ್ಯ ರಸ್ತೆಯ ಎ.ಸಿ. ಪುಸ್ತಕದಂಗಡಿಯ ಮುಂದೆಯೂ ಅವರು ನಿಲ್ಲುತ್ತಿದ್ದುದು ಹಾಗೆಯೇ, ವಾಚ್‌ಮನ್ ಅಟ್ಟುವವರೆಗೆ. ಅವರ ಲೆಕ್ಕಕ್ಕೆ ಪುಸ್ತಕವೆಂದರೆ ಗಾಜಿನ ಆಚೆ ಇರುವ ಸಾಮಾನು. ಬಟ್ಟೆಯಂಗಡಿಯ ಗೊಂಬೆ ಉಟ್ಟ ಸೀರೆಯ ಹಾಗೆ ಅದನ್ನು ನೋಡಬೇಕು, ಮುಟ್ಟಬಾರದು. ಓದುವುದು ಎಂದರೇನು ಎಂದು ಕೇಳಿದರೆ "ಸುಮ್ನ ಕುಂಡ್ರೂದು" ಎಂದು ಒಬ್ಬ ಹೇಳಿದ್ದ.

ಅದನ್ನು ಬದಲಿಸಿದವಳು ಸುಮಲತಾ. ಹತ್ತು ವರ್ಷದ ಹುಡುಗಿ. ತಾಯಿ ಲಾಲಿಬಾಯಿಯ ಜೊತೆ ಬೀಚಿನಲ್ಲಿ ಕಾಲ್ಗೆಜ್ಜೆ, ಮಣಿಸರ, ಕನ್ನಡಿ ಚೂರು ಹೊಲಿದ ಚೀಲ ಮಾರುತ್ತಿದ್ದಳು. ಶಾಲೆಗೆ ಅವಳನ್ನು ಇನ್ನೂ ಸೇರಿಸಿರಲಿಲ್ಲ. ಬಂದ ಎರಡನೆಯ ದಿನವೇ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಪಾಟುಗಳನ್ನು ನೋಡಿ ನನಗೆ ಬುದ್ಧಿ ಹೇಳಿದಳು.

"ಒಳಗ ಇಟ್ರ ಗಿರಾಕಿ ಹ್ಯಾಂಗ ಬರ್ತಾರ ಅಕ್ಕಾ? ಕೆಳಗ ಹಾಸ್ರಿ. ನಾ ಅಂಗಡಿ ಹಚ್ಚಿ ತೋರಸ್ತೇನಿ."

ಮೇಡಂ ನಕ್ಕು ಒಪ್ಪಿದರು. ನಾನು ಒಂದು ಹಳೆಯ ಚಾದರ ಕೊಟ್ಟೆ. ಅವಳು ದೊಡ್ಡ ಪುಸ್ತಕಗಳನ್ನು ಹಿಂದೆ, ಚಿಕ್ಕವನ್ನು ಮುಂದೆ, ಹೊಳೆಯುವ ಬಣ್ಣದವನ್ನು ಬಾಗಿಲ ಕಡೆಗೆ ಇಟ್ಟಳು. ಎರಡು ಪುಸ್ತಕಗಳನ್ನು ಬೇಕೆಂದೇ ತೆರೆದಿಟ್ಟಳು, ಆನೆಯ ಚಿತ್ರ ಕಾಣುವ ಹಾಗೆ. ಆಮೇಲೆ ಚಾದರದ ನಾಲ್ಕು ಮೂಲೆಗೂ ಒಂದೊಂದು ಹುರಿ ಕಟ್ಟಿದಳು.

"ಇದ್ಯಾಕ?" ಎಂದೆ.

"ಜೀಪು ಬಂತಂದ್ರ ಒಂದೊಂದs ಆರಸಾಕ ಟೈಮ್ ಇರೂದಿಲ್ಲಲಾ. ಹುರಿ ಜಗ್ಗಿದ್ರ ಗಂಟು ಆಕ್ಕೈತಿ, ಎತ್ಕೊಂಡು ಓಡೂದು."

ಬೀಚಿನಲ್ಲಿ ಹಾಗೆ ಮಾರುವುದಕ್ಕೆ ಪರವಾನಗಿ ಇಲ್ಲ. ಪೊಲೀಸರ ಜೀಪು ಬಂದರೆ ಸಿಕ್ಕ ಸಾಮಾನೆಲ್ಲ ಹೋಯಿತು ಎಂದೇ ಅರ್ಥ. ಅದಕ್ಕೆ ಅವರು ತಮ್ಮೊಳಗೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಸುಮಲತಾ ಅದನ್ನು ನನಗೆ ಸಂಭ್ರಮದಿಂದ ವಿವರಿಸಿದಳು. ಪಕ್ಕದವರು ಉಣ್ಣಲು ಹೋಗಿದ್ದರೆ ಅವರ ಗಂಟನ್ನೂ ನಾವೇ ಎತ್ತಬೇಕು. ಬಿಟ್ಟು ಓಡಿದವರನ್ನು ಮರುದಿನ ಯಾರೂ ಮಾತಾಡಿಸುವುದಿಲ್ಲ. ಎಲ್ಲ ಗಂಟುಗಳನ್ನೂ ಬಚ್ಚಿಡುವ ಒಂದು ಜಾಗವಿದೆ. ಹದಿನೈದು ಮನೆಯವರ ಸಾಮಾನು ಅಲ್ಲಿರುತ್ತದೆ. ಅದು ಎಲ್ಲಿ ಎಂದು ಹೊರಗಿನವರಿಗೆ ಹೇಳಿದ ಒಂದು ಸಂಸಾರವನ್ನು ಊರಿಗೇ ಅಟ್ಟಿದ್ದಾರೆ. "ಎಲ್ಲೈತಿ?" ಎಂದು ನಾನು ತಮಾಷೆಗೆ ಕೇಳಿದ್ದಕ್ಕೆ ಹುಡುಗಿ ತುಟಿ ಒಳಗೆ ಎಳೆದುಕೊಂಡು ತಲೆ ಅಲ್ಲಾಡಿಸಿಬಿಟ್ಟಳು.

ಚಾದರ ಹಾಸಿದ್ದೇ ತಡ, ಮಕ್ಕಳು ಇರುವೆ ಮುತ್ತಿದ ಹಾಗೆ ಬರತೊಡಗಿದರು. ನೆಲದ ಮೇಲಿದ್ದುದನ್ನು ಮುಟ್ಟಲು ಅವರಿಗೆ ಹೆದರಿಕೆ ಇರಲಿಲ್ಲ. ಸುಮಲತಾ ಚಾದರದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು "ಬಾರೋ, ನೋಡಾಕ ರೊಕ್ಕಿಲ್ಲ" ಎಂದು ಕರೆಯುತ್ತಿದ್ದಳು. ಮೇಡಂ ಹತ್ತು ಹದಿನೈದು ಫೋಟೋ ತೆಗೆದು ಯಾರ್ಯಾರಿಗೋ ಕಳಿಸಿದರು. ಗಿರಾಕಿಗಳಿಗೆ ತೋರಿಸುತ್ತ ತೋರಿಸುತ್ತ ಆ ಹುಡುಗಿಗೆ ತಾನು ತೋರಿಸುವುದರಲ್ಲಿ ಏನಿದೆ ಎಂದು ತಿಳಿಯುವ ಹಟ ಹುಟ್ಟಿತು. ನನ್ನ ಬೆನ್ನು ಬಿದ್ದು ಅಕ್ಷರ ಕೇಳಿದಳು. ನಾಲ್ಕೇ ತಿಂಗಳಲ್ಲಿ ಬೆರಳಿಟ್ಟು, ತುಟಿ ಆಡಿಸುತ್ತ, ಒತ್ತಕ್ಷರ ಬಂದಲ್ಲಿ ಒಮ್ಮೆ ನಿಂತು ಉಸಿರು ಎಳೆದುಕೊಂಡು ಓದುವಷ್ಟು ಆದಳು.

"ಮೀನಾ, ಇನ್ನು ಕೆಲವು ವರ್ಷ ಹೋಗಲಿ, ನಿನ್ನ ಕೆಲಸ ಇವಳೇ ಮಾಡ್ತಾಳೆ ನೋಡು" ಎಂದು ಮೇಡಂ ಒಂದು ದಿನ ನಗುತ್ತ ಹೇಳಿದರು. ನಾನೂ ನಕ್ಕೆ. ಆದರೆ ಒಳಗೆ ಕಿಚ್ಚು ಹತ್ತಿಕೊಂಡಿತು. ಹತ್ತು ವರ್ಷದ ಹುಡುಗಿಯ ಮೇಲೆ ಹೊಟ್ಟೆಕಿಚ್ಚೇ ಎಂದು ಯಾರಾದರೂ ಕೇಳಿದರೆ ಹೌದು ಎಂದೇ ಹೇಳುತ್ತೇನೆ.

ಪ್ರತಿ ಶನಿವಾರ ಐದು ಗಂಟೆಗೆ ಒಂದು ಮಗು ಕೆಂಪು ಕುರ್ಚಿಯ ಮೇಲೆ ಕೂತು ಎಲ್ಲರ ಮುಂದೆ ಓದಬೇಕಿತ್ತು. ಸುಮಲತಾ ಆ ಕುರ್ಚಿಗಾಗಿ ಕಾದಿದ್ದಳು. ಅದಕ್ಕೊಂದು ಕಾರಣವೂ ಇತ್ತು. ಸಂಜೆ ನಾಲ್ಕರಿಂದ ಆರು ಬೀಚಿನ ಒಳ್ಳೆಯ ವ್ಯಾಪಾರದ ಹೊತ್ತು. ಆ ಹೊತ್ತಿನಲ್ಲೇ ಮಗಳು ಇಲ್ಲಿ ಕೂರುವುದು ಲಾಲಿಬಾಯಿಗೆ ನುಂಗಲಾರದ ತುತ್ತಾಗಿತ್ತು. ಮಾರ್ಚ್ ಮೊದಲ ವಾರ ಅವಳೇ ಬಂದಳು, ಹೆಗಲ ಮೇಲೆ ಗಂಟು, ಕೈತುಂಬ ಸರ.

"ಬಾಯಾರ, ಓದತಾಳ ಓದತಾಳ ಅಂತೀರಿ. ನಾ ಓದಲಾರದಾಕಿ, ನನಗ ಹ್ಯಾಂಗ ಗೊತ್ತಾಗಬೇಕ್ರಿ? ಒಮ್ಮೆ ನನ್ನ ಮುಂದ ಓದ್ಲಿ. ಖರೇನ ಬರ್ತೈತಿ ಅಂದ್ರ ದಿನಾ ಕಳಸ್ತೇನಿ, ಜೂನಿಗೆ ಸಾಲಿಗೂ ಹಚ್ಚತೇನಿ. ಇಲ್ಲಾಂದ್ರ ಇನ್ನ ಮ್ಯಾಲೆ ಬೀಚಿಗೆ ಬರ್ಲಿ."

"ಮುಂದಿನ ಶನಿವಾರವೇ ಓದ್ತಾಳಮ್ಮ. ನೀವು ಬನ್ನಿ" ಎಂದರು ಮೇಡಂ.

ಆ ವಾರವೆಲ್ಲ ಹುಡುಗಿ ನನ್ನ ತಲೆ ತಿಂದಳು. ಮೊಸಳೆಯ ಕತೆಯೊಂದನ್ನು ಆರಿಸಿಕೊಂಡಿದ್ದಳು. ಎಷ್ಟು ಸಲ ಓದಿದರೂ ಬಾಯಿಪಾಠ ಮಾಡಿಕೊಳ್ಳಲು ಒಪ್ಪಲಿಲ್ಲ. "ಬಾಯಿಪಾಠ ಮಾಡಿದ್ರ ನಮ್ಮವ್ವಗ ಗೊತ್ತಾಕ್ಕೈತ್ರಿ. ಆಕಿ ಗಿರಾಕಿ ಮಾರಿ ನೋಡಿ ಸುಳ್ಳು ಹಿಡೀತಾಳ" ಎನ್ನುತ್ತಿದ್ದಳು.

ಗುರುವಾರ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಶನಿವಾರದ ಓದಿಗೆ ಅತಿಥಿಯಾಗಿ ಜೀಪಿನ ಅಧಿಕಾರಿಯೇ ಬರುತ್ತಾರಂತೆ. "ಮಕ್ಕಳಿಗೆ ಹೇಳ್ಬೇಡ, ಸರ್‌ಪ್ರೈಸ್ ಆಗಿರ್ಲಿ. ಅವರು ಕೈ ಕುಲುಕಿದರೆ ಈ ಮಕ್ಕಳಿಗೆ ಜೀಪಿನ ಹೆದರಿಕೆ ಹೋಗುತ್ತೆ."

ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮೇಡಂ, ಜೀಪು ಬಂದರೆ ಇವರು ಕೂತಲ್ಲಿ ಕೂರುವುದಿಲ್ಲ, ಎಂದರೆ ಸಾಕಿತ್ತು. ಸುಮಲತಾಳ ಕಿವಿಯಲ್ಲಿ ಒಂದು ಮಾತು ಹಾಕಿದ್ದರೂ ಸಾಕಿತ್ತು. "ಆಯ್ತು ಮೇಡಂ" ಎಂದೆ. ಒಮ್ಮೆ ಗೊತ್ತಾಗಲಿ ಮೇಡಮ್ಮಿಗೂ, ತಮ್ಮ ಮುದ್ದಿನ ಹುಡುಗಿ ಎಂಥವಳು ಎಂದು, ಅನ್ನಿಸಿತು. ಇಷ್ಟು ದೂರ ಹೋಗುತ್ತದೆ ಎಂದು ಗೊತ್ತಿರಲಿಲ್ಲ ಎಂದು ಈಗ ಹೇಳಿದರೆ ಯಾರು ನಂಬುತ್ತಾರೆ? ನಾನೇ ನಂಬುವುದಿಲ್ಲ.

ಶನಿವಾರ ಲಾಲಿಬಾಯಿ ಕೆಂಪು ರವಿಕೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಳು. ಗಂಟನ್ನು ತೊಡೆಯ ಪಕ್ಕ ಇಟ್ಟುಕೊಂಡು ಹಿಂಬಾಗಿಲ ಬಳಿ ಕೂತಳು. ಸುಮಲತಾ ಚಾದರ ಹಾಸಿ ನಲವತ್ತಮೂರು ಪುಸ್ತಕ ಜೋಡಿಸಿದ್ದಳು. ಮೇಡಂ ಹೂಗುಚ್ಛ ಹಿಡಿದು ಓಣಿಯ ಬಾಯಿಗೆ ಹೋದರು. ನಾನು ಗ್ಯಾರೇಜಿನ ಪಕ್ಕದಲ್ಲಿ ಅತಿಥಿಗೆ ಚಹಾ ಹೇಳುತ್ತ ನಿಂತೆ. ಒಳಗೆ ಪುಸ್ತಕಗಳ ಬಳಿ ದೊಡ್ಡವರು ಎಂದರೆ ಲಾಲಿಬಾಯಿ ಒಬ್ಬಳೇ.

ಜೀಪು ಬಂದು ನಮ್ಮ ಬಾಗಿಲಿಗೇ ನಿಂತಿತು. ಖಾಕಿ ತೊಟ್ಟ ಇಬ್ಬರು ಇಳಿದರು. ನಾನು ಕಿಟಕಿಯಿಂದ ನೋಡಿದೆ. ಒಂದು ಕೂಗು ಇಲ್ಲ, ಗದ್ದಲ ಇಲ್ಲ. ಲಾಲಿಬಾಯಿ ಗಂಟು ಹೆಗಲಿಗೇರಿಸಿ ಎದ್ದಾಗಿತ್ತು. ಸುಮಲತಾ ಒಮ್ಮೆ ಬಾಗಿಲ ಕಡೆ, ಒಮ್ಮೆ ಮೇಡಮ್ಮಿನ ಖಾಲಿ ಕುರ್ಚಿಯ ಕಡೆ ನೋಡಿದಳು. ಯಜಮಾನರಿಲ್ಲದ ಅಂಗಡಿ. ನಾಲ್ಕು ಹುರಿ ಒಟ್ಟಿಗೆ ಹಿಡಿದು ಜಗ್ಗಿದಳು. ತನ್ನಷ್ಟೇ ಭಾರದ ಗಂಟನ್ನು ಬೆನ್ನಿಗೆ ಹಾಕಿಕೊಂಡು, ಬಾಗಿ, ತಾಯಿಯ ಹಿಂದೆ ಹಿಂಬಾಗಿಲಿನಿಂದ ಓಡಿದಳು. ಉಳಿದ ಲಮಾಣಿ ಮಕ್ಕಳೂ ಚೆಲ್ಲಾಪಿಲ್ಲಿ.

ಅಧಿಕಾರಿ ಒಳಗೆ ಬಂದಾಗ ಕೋಣೆಯಲ್ಲಿ ಐದು ಮಕ್ಕಳು, ಒಂದು ಕೆಂಪು ಕುರ್ಚಿ, ಬರೀ ನೆಲ.

ಮೇಡಮ್ಮಿನ ಮುಖ ಸುಣ್ಣವಾಯಿತು. "ಬುಕ್ಸ್ ಎಲ್ಲಿ ಮೀನಾ?" ಎಂದರು. "ಒಯ್ದಾಳ್ರಿ" ಎಂದೆ. ಯಾಕೆ ಒಯ್ದಳು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅಧಿಕಾರಿ ಒಳ್ಳೆಯ ಮನುಷ್ಯ. ನಕ್ಕು, ಚಹಾ ಕುಡಿಯುತ್ತ ಕೂತ. ಇನ್ನೇನು ಏಳಬೇಕು, ಅಷ್ಟರಲ್ಲಿ ಸುಮಲತಾ ಏದುಸಿರು ಬಿಡುತ್ತ ಹಿಂಬಾಗಿಲಲ್ಲಿ ಬಂದು ನಿಂತಳು. ಮೊಣಕಾಲಿಗೆ ಮರಳು ಮೆತ್ತಿತ್ತು. ಮುಖದಲ್ಲಿ ಗೆದ್ದು ಬಂದವರ ಕಳೆ. ತನ್ನ ಸರದಿ ತಪ್ಪೀತು ಎಂದು ಓಡಿ ಬಂದಿದ್ದಳು. ಖಾಕಿ ಇನ್ನೂ ಅಲ್ಲೇ ಕೂತಿದ್ದು ಕಂಡು ಕಲ್ಲಾದಳು. ಮಗಳನ್ನು ಎಳೆದೊಯ್ಯಲು ಲಾಲಿಬಾಯಿ ಹಿಂದೆಯೇ ಬಂದಿದ್ದಳು.

"ಪುಸ್ತಕ ಎಲ್ಲಿ ಸುಮಲತಾ?" ಮೇಡಂ ಕೇಳಿದರು. "ನಾನು ನಿನ್ನ ನಂಬಿದ್ದೆ."

"ಒಂದೂ ಹೋಗಿಲ್ರಿ ಮೇಡಮ್ಮ. ಎಲ್ಲಾ ಉಳಿಸೇನಿ" ಎಂದಳು ಹುಡುಗಿ.

ಅಧಿಕಾರಿ ಕುರ್ಚಿಯಿಂದ ಮುಂದಕ್ಕೆ ಬಾಗಿದ. ಅವನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ, ಆದರೂ ಸಂಗತಿ ತಿಳಿಯಿತು. ಮುದ್ದು ಮಾಡುವ ಧ್ವನಿಯಲ್ಲೇ ಹಿಂದಿಯಲ್ಲಿ ಕೇಳಿದ: "ಎಲ್ಲಿಟ್ಟಿದ್ದೀ ಬೇಟಿ? ತೋರಿಸು, ನಾನೂ ಬರುತ್ತೇನೆ."

ಸುಮಲತಾ ತಾಯಿಯ ಕಡೆ ನೋಡಿದಳು. ಲಾಲಿಬಾಯಿಯ ಕಣ್ಣಲ್ಲಿ ಹದಿನೈದು ಮನೆಗಳು ಓಡುತ್ತಿದ್ದುದು ನನಗೆ ಕಂಡಿತು. ಜಾಗ ಹೇಳಿದರೆ ಮಗಳು ಕಳ್ಳಿಯಲ್ಲ ಎಂದಾಗುತ್ತದೆ, ಆದರೆ ಎಲ್ಲರ ಸಾಮಾನು ಜೀಪಿಗೆ ಹೋಗುತ್ತದೆ. ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮುಂದೆ ಬಂದು ಮಗಳ ಕೆನ್ನೆಗೆ ಹೊಡೆದು, ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದಳು.

"ಕದ್ದಾಳ್ರಿ. ಮನಿಗೆ ಒಯ್ದಾಳ. ನಾನs ತಂದು ಕೊಡ್ತೇನಿ. ತಪ್ಪಾತ್ರಿ, ಕಾಲಿಗೆ ಬೀಳ್ತೇನಿ."

"ಹೌದಾ ಸುಮಲತಾ?" ಮೇಡಂ ಕೇಳಿದರು.

ಹುಡುಗಿ ನನ್ನ ಕಡೆ ನೋಡಿದಳು. ಅಲ್ಲಿ ಎಲ್ಲವೂ ಗೊತ್ತಿದ್ದವಳು ನಾನೊಬ್ಬಳೇ. ಅಧಿಕಾರಿ ಹೋದ ಮೇಲೆ ಮೇಡಮ್ಮಿಗೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ಚಹಾದ ಲೋಟ ಎತ್ತತೊಡಗಿದೆ.

"ಹೌದ್ರಿ" ಎಂದಳು ಸುಮಲತಾ.

ಅಧಿಕಾರಿ ಕೇಸು ಗೀಸು ಏನೂ ಬೇಡ, ಮಕ್ಕಳು ಎಂದು ಎದ್ದು ಹೋದ. ಕತ್ತಲಾಗುವ ಮೊದಲು ಲಾಲಿಬಾಯಿ ಗಂಟು ತಂದು ನನ್ನ ಮುಂದೆ ಇಳಿಸಿದಳು. ನಲವತ್ತಮೂರೂ ಇದ್ದವು. ಹಾಳೆಗಳ ಸಂದಿಯಿಂದ ಮರಳು ಉದುರಿತು. ಅವಳು ಕುಕ್ಕರುಗಾಲಲ್ಲಿ ಕೂತು ಸೆರಗಿನಿಂದ ಒಂದೊಂದೇ ಪುಸ್ತಕ ಒರೆಸಿದಳು.

"ನನ್ನ ಮಗಳು ಹಂತಾಕಿ ಅಲ್ಲಕ್ಕಾ. ನಿಮಗ ಗೊತ್ತೈತಿ. ಬಾಯಾರಿಗೆ ನೀವರ ಹೇಳ್ರಿ."

"ನೋಡೂನು" ಎಂದೆ. ನೆಲದ ಮರಳು ಗುಡಿಸಿ ಹೊರಗೆ ಚೆಲ್ಲಿದೆ. ಮೇಡಮ್ಮಿಗೆ ಹೇಳಲಿಲ್ಲ. ಹೇಳಿದ್ದರೆ, ನಿನಗೆ ಇದೆಲ್ಲ ಗೊತ್ತಿದ್ದೂ ಗುರುವಾರ ಯಾಕೆ ಸುಮ್ಮನಿದ್ದೆ ಎಂದು ಮೊದಲು ಕೇಳುತ್ತಿದ್ದರು. ನನಗೆ ಕೆಲಸ ಬೇಕಿತ್ತು.

ಮೇಡಂ ಎರಡು ದಿನ ಊಟ ಬಿಟ್ಟರು ಎಂದು ಅವರೇ ಹೇಳಿದರು. ಮೂರನೆಯ ದಿನ ಅವರಿಗೆ ದಾರಿ ಹೊಳೆಯಿತು. ಮಗುವನ್ನು ಓಡಿಸಬಾರದು, ತಿದ್ದಬೇಕು. ಮುಂದಿನ ಶನಿವಾರ ಅದೇ ಕೆಂಪು ಕುರ್ಚಿಯ ಮೇಲೆ ಕೂತು ಅವಳು ತನ್ನ ತಪ್ಪನ್ನು ಓದಲಿ. ಓದಿನಿಂದಲೇ ಮನಸ್ಸು ಶುದ್ಧವಾಗುತ್ತದೆ. "ಸರಳವಾಗಿ ನೀನೇ ಬರೆದುಕೊಡು ಮೀನಾ. ಅವಳಿಗೆ ಯಾವ ಅಕ್ಷರ ಬರುತ್ತೆ ಅಂತ ನಿನಗೇ ಗೊತ್ತು."

ನಾನು ಕೂತು ದುಂಡಗೆ ಬರೆದೆ. 'ನಾನು ಪುಸ್ತಕಗಳನ್ನು ಹೇಳದೆ ಒಯ್ದೆ' ಎಂದಿದ್ದನ್ನು ಮೇಡಂ ಹೊಡೆದುಹಾಕಿ 'ಕದ್ದೆ' ಎಂದು ಬರೆದರು. ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಕಲಿಯಬೇಕು ಎಂದರು.

ಸುಮಲತಾ ಬಂದಳು. ಬಾರದೆ ಇದ್ದರೆ ಜೀಪಿನವರಿಗೆ ಹೇಳುತ್ತಾರೇನೋ ಎಂದು ಲಾಲಿಬಾಯಿಯೇ ಕೈ ಹಿಡಿದು ಕರೆತಂದಳು. ಅವತ್ತು ಚಾದರ ಹಾಸಿರಲಿಲ್ಲ, ಪುಸ್ತಕಗಳೆಲ್ಲ ಕಪಾಟಿನಲ್ಲಿದ್ದವು. ಹುಡುಗಿ ಕುರ್ಚಿ ಹತ್ತಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಗದ ಬಿಡಿಸಿ ಬೆರಳಿಟ್ಟಳು.

"ನಾನು... ಸುಮಲತಾ. ನಾನು ಲೈಬ್ರರಿಯ ಪುಸ್ತಕಗಳನ್ನು..." ಎಂದು ನಿಂತಳು.

"ಕ... ದ್ದೆ" ಎಂದು ಮೇಡಂ ಮೆಲ್ಲಗೆ ಎತ್ತಿಕೊಟ್ಟರು.

"ಗೊತ್ತೈತ್ರಿ" ಎಂದಳು ಸುಮಲತಾ. "ಕದ್ದೆ. ಮೇಡಂ ನನ್ನನ್ನು ಕ್ಷಮಿಸಿದರು. ಇನ್ನು ಮೇಲೆ ನಾನು ಒಳ್ಳೆಯ ಹುಡುಗಿಯಾಗುತ್ತೇನೆ."

ಕ್ಷಮಿಸಿದರು ಎಂಬಲ್ಲಿಯೂ ಅವಳು ತೊದಲಲಿಲ್ಲ. ಇದ್ದ ಮಕ್ಕಳು ಪ್ರತಿ ಶನಿವಾರದಂತೆ ಚಪ್ಪಾಳೆ ಹೊಡೆದರು. ಓದು ಮುಗಿದ ಮೇಲೆ ಹಾಗೆ ಮಾಡಬೇಕು ಎಂದು ಅವರಿಗೆ ಕಲಿಸಿದ್ದು ನಾವೇ. ಮೇಡಂ ಕಣ್ಣೊರೆಸಿಕೊಂಡರು.

ಲಾಲಿಬಾಯಿ ಗೋಡೆಗೊರಗಿ ಕೂತಲ್ಲಿಂದ ನನ್ನ ಸೀರೆ ಜಗ್ಗಿದಳು. "ಬಾಯಿಪಾಠ ಅಲ್ಲಲಾ ಅಕ್ಕಾ? ಹಾಳ್ಯಾಗ ಇದ್ದದ್ದನ್ನs ಓದಿದ್ಲಾ?"

"ಹೂಂ. ಖರೇ ಓದಿದ್ಲು."

ಆ ಹೆಂಗಸಿನ ಮುಖ ಅರಳಿದ್ದನ್ನು ನಾನು ಹೇಗೆ ಹೇಳಲಿ. ಏನು ಓದಿದಳು ಎಂಬುದು ಅವಳಿಗೆ ಗೊತ್ತಿತ್ತು. ಆ ಸುಳ್ಳನ್ನು ಮೊದಲು ಆಡಿದವಳೇ ಅವಳು. ಆದರೂ ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಕಾಗದ ನೋಡಿ ಮಾತಾಡಿತಲ್ಲ ಎಂಬ ಹೆಮ್ಮೆಯ ಮುಂದೆ ಬೇರೆ ಏನೂ ನಿಲ್ಲಲಿಲ್ಲ. ಕುರ್ಚಿಯ ಬಳಿ ಹೋಗಿ ಮಗಳ ಕೆನ್ನೆ ಸವರಿ ನೆಟಿಗೆ ಮುರಿದಳು.

"ಬರ್ತೈತ್ರಿ ನನ್ನ ಮಗಳಿಗೆ. ನಾಳಿಂದ ದಿನಾ ಕಳಸ್ತೇನ್ರಿ ಬಾಯಾರ. ಜೂನಿಗೆ ಸಾಲಿಗೂ ಹಚ್ಚತೇನಿ."

"ನಾ ಒಲ್ಲೆ" ಎಂದಳು ಸುಮಲತಾ.

ಮೇಡಂ ಅವಳ ಮುಂದೆ ಮಂಡಿಯೂರಿ ಕೂತರು. ನಿನ್ನನ್ನು ಕ್ಷಮಿಸಿಯಾಯಿತು, ಯಾವ ಪುಸ್ತಕ ಬೇಕೋ ತಗೋ, ಮೊಸಳೆ ಕತೆ ಮನೆಗೇ ಒಯ್ಯಿ ಎಂದರು. ಹುಡುಗಿ ಅವರ ಕಡೆ ನೋಡಲೂ ಇಲ್ಲ. ಕುರ್ಚಿಯಿಂದ ಇಳಿದು ನನ್ನ ಬಳಿ ಬಂದು, ಕಾಗದದ ದುಂಡಗಿನ ಅಕ್ಷರಗಳ ಮೇಲೆ ಬೆರಳಿಟ್ಟಳು. ಅಕ್ಷರ ಕಲಿಸಿದವಳ ಕೈಬರಹ ಅವಳಿಗೆ ಗುರುತು ಹತ್ತದೆ ಇರುತ್ತದೆಯೇ.

"ಬೀಚಿನ್ಯಾಗ ನಾನೂ ಸುಳ್ಳು ಹೇಳ್ತೇನಕ್ಕಾ. ಹಿತ್ತಾಳಿಗೆ ಬೆಳ್ಳಿ ಅಂತೇನಿ. ಆದ್ರ ಆ ಸುಳ್ಳು ನಂದು. ಓದೂದಂದ್ರ ನೀವು ಬರ್ದು ಕೊಟ್ಟ ಸುಳ್ಳು ನಾ ಹೇಳೂದೇನು?"

ಮೇಡಮ್ಮಿಗೆ ಸರಿಯಾಗಿ ಕೇಳಿಸಲಿಲ್ಲ, ಏನಂತೆ ಎಂದು ನನ್ನನ್ನೇ ಕೇಳಿದರು. ನಾಚಿಕೆಯಂತೆ ಎಂದೆ. ಲಾಲಿಬಾಯಿ ಮಗಳ ಬೆನ್ನಿಗೆ ಒಂದು ಬಾರಿಸಿ, "ಬರ್ತೈತಿ, ಬರ್ತಿದ್ದೂ ಒಲ್ಲೆ ಅಂತಿ" ಎಂದು ಬೈಯುತ್ತ, ಅಳುತ್ತ ಅವಳನ್ನು ಹೊರಗೆ ಎಳೆದುಕೊಂಡು ಹೋದಳು. ಮರುದಿನವೂ ಕರೆತಂದಳು, ಅದರ ಮರುದಿನವೂ. ಹುಡುಗಿ ಹೊಸ್ತಿಲ ಹೊರಗೆ ಕೂತು ಆರು ಗಂಟೆಯವರೆಗೆ ಓಣಿ ನೋಡಿದಳು, ಒಳಗೆ ಬರಲಿಲ್ಲ. ನಾಲ್ಕನೆಯ ದಿನದಿಂದ ತಾಯಿ ಅವಳನ್ನು ಬೀಚಿಗೇ ಕರೆದುಕೊಂಡು ಹೋದಳು.